‘ಡರ್ಟಿ’ ಒಂದೇ ಸಾಲದು: ಗಲೀಜು ಜಾಗಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

‘ಮನೆಯೆಲ್ಲ ಗಲೀಜಾಗಿದೆ ಅನ್ನೋದಕ್ಕೆ ಡರ್ಟಿ ಬಿಟ್ಟು ಬೇರೆ ಏನು ಹೇಳಬಹುದು?’ ಓದಲು, ಕೆಲಸಕ್ಕೆ ಹೊರದೇಶಕ್ಕೆ ಹೋದವರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು: ‘ಮನೆಯೊಡತಿ ಬಾಗಿಲು ತೆಗೆದವರೇ ದಿಸ್ ಪ್ಲೇಸ್ ಈಸ್ ಎ ಟಿಪ್ ಅಂದರು, ನಾನು ಟಿಪ್ಸ್ ಕೊಡಬೇಕಿತ್ತಾ?’ ಕೊಡಬೇಕಿರಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ತೊಡಕು ಶುರುವಾಗುವುದು ನಮ್ಮ ‘ಗಲೀಜು’ ಪದದಿಂದಲೇ. ಹಾಲ್ ತುಂಬ ಮಕ್ಕಳ ಆಟದ ಸಾಮಾನು ಬಿದ್ದಿದ್ದರೂ ನಮಗೆ ಗಲೀಜು, ಸಿಂಕಿನಲ್ಲಿ ಮೂರು ದಿನದ ಪಾತ್ರೆ ನಾರುತ್ತಿದ್ದರೂ ಗಲೀಜು. ಇಂಗ್ಲಿಷಿನವರು ಇವೆರಡನ್ನು ಬೇರೆ ಬೇರೆ ಇಡುತ್ತಾರೆ. ಮೊದಲನೆಯದು ಮೆಸ್ಸಿ, ಎರಡನೆಯದು ಡರ್ಟಿ. ಆಟದ ಸಾಮಾನು ಹರಡಿದ ಮನೆಗೆ ನೀವು ಡರ್ಟಿ ಅಂದರೆ ಆ ತಾಯಿಗೆ ಕೇಳಿಸುವುದು ‘ನಿಮ್ಮ ಮನೆಯಲ್ಲಿ ಶುಚಿಯಿಲ್ಲ’ ಎಂದು. ಒಮ್ಮೆ ನಾನೂ ಹೀಗೆ ಅಂದು, ಆ ಮನೆಯ ಕಾಫಿ ಇಳಿಯದೆ ಕೂತಿದ್ದೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಕಲಿಯುವವರಿಗೆಂದೇ ಮಾಡಿದ ಒಂದು ಇಂಗ್ಲಿಷ್ ನಿಘಂಟು ಸಾಕು. ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಲಾಂಗ್‌ಮನ್ ಮೂರೂ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಅರ್ಥದ ಜೊತೆಗೆ ಪದದ ಪಕ್ಕದಲ್ಲಿರುವ ಚಿಕ್ಕ ಗುರುತುಗಳನ್ನೂ ಓದಿ. ‘ಇನ್‌ಫಾರ್ಮಲ್’ ಎಂದಿದ್ದರೆ ಆಡುಮಾತು, ‘ಬ್ರಿಟಿಷ್’ ಎಂದಿದ್ದರೆ ಅಮೆರಿಕದಲ್ಲಿ ನಡೆಯದಿರಬಹುದು, ‘ಡಿಸ್‌ಅಪ್ರೂವಿಂಗ್’ ಎಂದಿದ್ದರೆ ಅದರಲ್ಲಿ ಬೈಗುಳದ ಒಗ್ಗರಣೆ ಇದೆ.

1. ಕೆಟ್ಟಿರುವುದು ಏನು ಎಂದು ಮೊದಲು ನೋಡಿ

ಬಾಯಿ ತೆರೆಯುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳಿ. ಸಾಮಾನು ಚೆಲ್ಲಾಪಿಲ್ಲಿಯಾಗಿದೆಯೇ? ಕೊಳಕು, ನಾತ ಇದೆಯೇ? ಜಾಗ ಇಕ್ಕಟ್ಟೇ? ಅಥವಾ ಬರೀ ಗದ್ದಲವೇ? ನಾಲ್ಕಕ್ಕೂ ಬೇರೆ ಬೇರೆ ನುಡಿಗಟ್ಟುಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತರಗತಿಯಲ್ಲಿ ಗಲಾಟೆಯಾದಾಗ ನಮ್ಮ ಮೇಷ್ಟ್ರುಗಳು ‘ಈಸ್ ದಿಸ್ ಎ ಫಿಶ್ ಮಾರ್ಕೆಟ್?’ ಎಂದು ಗದರುತ್ತಿದ್ದರಲ್ಲ, ಅದು ಭಾರತದ ಇಂಗ್ಲಿಷ್. ಲಂಡನ್ನಿನಲ್ಲಿ ಹಾಗಂದರೆ ಮೀನಿನ ವಾಸನೆ ಬರುತ್ತಿದೆಯೇನೋ ಎಂದು ಮೂಸಿ ನೋಡಿಯಾರು.

2. ಹರಡಿಕೊಂಡ ಜಾಗಕ್ಕೆ

ಬಹುಪಾಲು ಸಲ ನಿಮಗೆ ಬೇಕಾಗುವುದು ಈ ಗುಂಪು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

*ಮೆಸ್.* ನಮಗೆ ಮೆಸ್ ಎಂದರೆ ಊಟ, ಹಾಸ್ಟೆಲ್ ಮೆಸ್ಸು. ಇಂಗ್ಲಿಷಿನಲ್ಲೂ ಅದರ ಹಳೆಯ ಅರ್ಥ ಅದೇ. ಫ್ರೆಂಚಿನಿಂದ ಬಂದ ಈ ಪದಕ್ಕೆ ಮೊದಲು ‘ಬಡಿಸಿದ ಖಾದ್ಯ’ ಎಂಬ ಅರ್ಥವಿತ್ತು. ಆಮೇಲೆ ಕಲಸುಮೇಲೋಗರದಂಥ ತಿನಿಸು, ಅದರಿಂದ ಯಾವುದೇ ಕಲಸುಮೇಲೋಗರ ಎಂದಾಯಿತು. ನಮ್ಮ ‘ಕಲಸುಮೇಲೋಗರ’ವೂ ಅಡುಗೆಮನೆಯಿಂದಲೇ ಬಂದ ಮಾತಲ್ಲವೇ? ‘ದಿ ರೂಮ್ ಈಸ್ ಎ ಮೆಸ್’ ಅನ್ನುವುದು ಎಲ್ಲ ದೇಶದಲ್ಲೂ, ಎಲ್ಲರ ಮುಂದೆಯೂ ನಡೆಯುತ್ತದೆ. ಯಾವುದನ್ನು ಬಳಸಬೇಕೆಂದು ಗೊಂದಲವಾದರೆ ಇದನ್ನೇ ಹೇಳಿ, ಮುಗಿಯಿತು.

*ಟಿಪ್.* ಬ್ರಿಟನ್ನಿನಲ್ಲಿ ಗಾಡಿಯನ್ನು ವಾಲಿಸಿ ಕಸ ಸುರಿಯುವ ಜಾಗಕ್ಕೆ ಟಿಪ್ ಎನ್ನುತ್ತಾರೆ. ವಾಲಿಸುವುದಕ್ಕೂ ಟಿಪ್ ಎಂದೇ ಹೆಸರು. ‘ಯುವರ್ ರೂಮ್ ಈಸ್ ಎ ಟಿಪ್’ ಎಂದು ತಾಯಿ ಮಗನಿಗೆ ಹೇಳಿದರೆ ಅದು ನಮ್ಮ ‘ರೂಮನ್ನ ತಿಪ್ಪೆ ಮಾಡಿಟ್ಟಿದ್ದೀಯಲ್ಲೋ!’ ಟಿಪ್, ತಿಪ್ಪೆ ಎರಡಕ್ಕೂ ಇರುವ ಧ್ವನಿಯ ಹೋಲಿಕೆ ಬರೀ ಕಾಕತಾಳೀಯ, ಮೂಲ ಒಂದೇ ಅಲ್ಲ. ಆದರೆ ನೆನಪಿಟ್ಟುಕೊಳ್ಳಲು ಇಷ್ಟು ಒಳ್ಳೆಯ ಗಂಟು ಬೇರೆ ಸಿಗದು. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ನಮ್ಮ ತಿಪ್ಪೆಯಲ್ಲಿ ಸಗಣಿ ಇದೆ, ವಾಸನೆ ಇದೆ. ಅವರ ಟಿಪ್ಪಿನಲ್ಲಿ ಒಗೆಯದ ಬಟ್ಟೆ, ಪುಸ್ತಕ, ಖಾಲಿ ಲೋಟಗಳಿದ್ದರೂ ಸಾಕು. ಬೈಗುಳ ಮೃದು, ಮನೆಮಾತಿನದು. ಅಮೆರಿಕದಲ್ಲಿ ಈ ಅರ್ಥ ಚಲಾವಣೆಯಲ್ಲಿಲ್ಲ, ಅಲ್ಲಿ ಟಿಪ್ ಎಂದರೆ ಮಾಣಿಗೆ ಕೊಡುವ ಭಕ್ಷೀಸು. ಅಲ್ಲಿಗೆ ಬೇಕಾದದ್ದು *ಡಂಪ್*, ಇದು ಎರಡೂ ಕಡೆ ನಡೆಯುತ್ತದೆ. ಆದರೆ ಡಂಪ್ ಅಂದರೆ ಸಾಮಾನು ಹರಡಿದ್ದಷ್ಟೇ ಅಲ್ಲ, ಊರು ಅಥವಾ ಕಟ್ಟಡವೇ ದರಿದ್ರವಾಗಿದೆ ಎಂಬ ತಿರಸ್ಕಾರವೂ ಸೇರುತ್ತದೆ. ಬಾಡಿಗೆ ಮನೆ ತೋರಿಸುತ್ತಿರುವವರ ಎದುರು ‘ವಾಟ್ ಎ ಡಂಪ್’ ಎನ್ನಬೇಡಿ, ಅಡ್ವಾನ್ಸ್ ಕೊಡುವ ಮನಸ್ಸಿದ್ದರೆ.

*ಬಾಂಬ್ ಸೈಟ್.* ‘ದಿ ಕಿಚನ್ ಲುಕ್ಸ್ ಲೈಕ್ ಎ ಬಾಂಬ್ ಸೈಟ್.’ ಎರಡನೇ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರಿನಿಂದ 1941ರ ಮೇ ತನಕ ಜರ್ಮನಿ ಲಂಡನ್ನಿನ ಮೇಲೆ ಬಾಂಬು ಸುರಿಯಿತು. ಕಟ್ಟಡ ಉರುಳಿ ಉಳಿದ ಖಾಲಿ ಜಾಗಗಳಿಗೆ ಬಾಂಬ್ ಸೈಟ್ ಎಂದು ಹೆಸರು. ಯುದ್ಧ ಮುಗಿದು ಎಷ್ಟೋ ವರ್ಷ ಅವು ಹಾಗೇ ಬಿದ್ದಿದ್ದವು, ಮಕ್ಕಳು ಅಲ್ಲೇ ಆಡಿ ಬೆಳೆದರು. ಇಂದು ಲಂಡನ್ನಿನ ಬಾರ್ಬಿಕನ್ ವಸತಿ ಸಮುಚ್ಚಯ ನಿಂತಿರುವುದೂ ಅಂಥ ಜಾಗದಲ್ಲೇ. ಹಾಗಾಗಿ ಅಜ್ಜಿಯರ ಬಾಯಲ್ಲಿ ಇದು ಕಣ್ಣಾರೆ ಕಂಡ ಹೋಲಿಕೆಯಾಗಿತ್ತು, ಮೊಮ್ಮಕ್ಕಳ ಬಾಯಲ್ಲಿ ಬರೀ ಮಾತು.

ಕನ್ನಡದಲ್ಲಿ ಇದಕ್ಕೆ ಸರಿಸಾಟಿ ಹುಡುಕಿದರೆ ಸಿಗುವುದು ‘ಹಾಳು ಹಂಪೆ’. 1565ರ ರಕ್ಕಸ-ತಂಗಡಿ ಯುದ್ಧದ ನಂತರ ಸೂರೆಯಾದ ರಾಜಧಾನಿ ನಮ್ಮ ನಾಲಿಗೆಯಲ್ಲಿ ನುಡಿಗಟ್ಟಾಗಿ ಕೂತಿದೆ. ಎರಡೂ ಯುದ್ಧದ ಕೂಸುಗಳೇ. ಆದರೆ ಹಾಳು ಹಂಪೆಯಲ್ಲಿ ಬಿಕೋ ಎನ್ನುವ ಭಾವ ಇದೆ, ಬಾಂಬ್ ಸೈಟಿನಲ್ಲಿ ಎಲ್ಲವೂ ಸಿಡಿದು ಚೆದುರಿದ ಚಿತ್ರ. ಮಗು ಹಿಟ್ಟಿನ ಡಬ್ಬ ಬೋರಲು ಹಾಕಿದ ಅಡುಗೆಮನೆ ಬಾಂಬ್ ಸೈಟ್ ಆಗಬಹುದು, ಹಾಳು ಹಂಪೆ ಆಗಲಾರದು. ಅಮೆರಿಕದವರು ಇದೇ ಜಾಗದಲ್ಲಿ ‘ಸುಂಟರಗಾಳಿ ಹೊಕ್ಕು ಹೋದ ಹಾಗಿದೆ’ ಎಂಬರ್ಥದಲ್ಲಿ ಟೊರ್ನೇಡೊವನ್ನು ಎಳೆದು ತರುತ್ತಾರೆ, ಅವರ ನೆಲದ ಅನುಭವ ಅದು. ಇನ್ನೊಂದು ಎಚ್ಚರ: ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆರೆದಾಗ ‘ಬಾಂಬ್’ ಇರುವ ಯಾವ ನುಡಿಗಟ್ಟನ್ನೂ ಬಾಯಿಗೆ ತರಬೇಡಿ. ತಮಾಷೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

*ಶಾಂಬಲ್ಸ್.* ಇದರ ಕಥೆಯೇ ಚೆಂದ. ಹಳೆಯ ಇಂಗ್ಲಿಷಿನಲ್ಲಿ ಇದು ಮಣೆ, ಬೆಂಚು. ನಂತರ ಮಾಂಸ ಮಾರುವ ಕಟ್ಟೆ, ಆಮೇಲೆ ಮಾಂಸದ ಬೀದಿ, ಕಸಾಯಿಖಾನೆ, ರಕ್ತ ಹರಿದ ರಣಭೂಮಿ. ಕೊನೆಗೆ 20ನೇ ಶತಮಾನದಲ್ಲಿ ಬರೀ ‘ಅಸ್ತವ್ಯಸ್ತ’. ಯಾರ್ಕ್ ಊರಿನಲ್ಲಿ ಇಂದಿಗೂ ದಿ ಶಾಂಬಲ್ಸ್ ಎಂಬ ಇಕ್ಕಟ್ಟಾದ ಹಳೇ ಬೀದಿಯಿದೆ, ಕಟುಕರ ಅಂಗಡಿಗಳಿದ್ದ ಬೀದಿ. ಪ್ರವಾಸಿಗರು ಈಗ ಫೋಟೊ ತೆಗೆದುಕೊಳ್ಳಲು ಹೋಗುತ್ತಾರೆ. ಕೋಣೆಗಿಂತ ಹೆಚ್ಚಾಗಿ ಈ ಪದ ಕೆಟ್ಟು ಕೂತ ವ್ಯವಸ್ಥೆಗೆ, ಎಡವಟ್ಟಾದ ಸಭೆಗೆ ಬರುತ್ತದೆ. ಇದರಿಂದ ಹುಟ್ಟಿದ ‘ಆಮ್ನಿಶಾಂಬಲ್ಸ್’, ಅಂದರೆ ಸರ್ವತ್ರ ಎಡವಟ್ಟು, 2012ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಬ್ರಿಟನ್ನಿಗೆಂದು ಆರಿಸಿದ ವರ್ಷದ ಪದವಾಗಿತ್ತು.

ಇದೇ ಸಾಲಿನಲ್ಲಿ ಬರುವ *ಡಾಗ್ಸ್ ಬ್ರೇಕ್‌ಫಾಸ್ಟ್*, ಅಂದರೆ ನಾಯಿಯ ತಿಂಡಿ, ಜಾಗಕ್ಕಿಂತ ಕೆಟ್ಟುಹೋದ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ‘ರಿಪೋರ್ಟನ್ನ ರಾಡಿ ಎಬ್ಬಿಸಿಟ್ಟಿದ್ದಾನೆ’ ಅನ್ನುವಂಥ ಕಡೆ. ನಮ್ಮ ‘ನಾಯಿಪಾಡು’ ಮನುಷ್ಯನ ದುರವಸ್ಥೆ, ಇದಕ್ಕೂ ಅದಕ್ಕೂ ನಂಟಿಲ್ಲ.

3. ನಿಜವಾಗಿಯೂ ಕೊಳಕಾದ ಜಾಗಕ್ಕೆ

*ಪಿಗ್‌ಸ್ಟೈ*, ಹಂದಿಗೂಡು. ಅಮೆರಿಕದಲ್ಲಿ *ಪಿಗ್‌ಪೆನ್* ಎಂದೂ ಕೇಳುತ್ತೀರಿ. ಹರಡಿದ್ದರ ಜೊತೆಗೆ ಕೊಳಕೂ ಸೇರಿದಾಗ ಇದು. ಮನೆಯ ಹಿರಿಯರು ಕಿರಿಯರಿಗೆ ಹೇಳಬಹುದು, ಒಟ್ಟಿಗಿರುವ ಗೆಳೆಯರು ಪರಸ್ಪರ ಹೇಳಿಕೊಳ್ಳಬಹುದು. ಹೊಸಬರು ಎಡವುವ ಜಾಗ ಎಲ್ಲಿ ಗೊತ್ತೇ? ಕೋಣೆಯನ್ನು ಬಿಟ್ಟು ಮನುಷ್ಯನಿಗೆ ಅಂಟಿಸುವುದು. ‘ರೂಮ್ ಹಂದಿಗೂಡಾಗಿದೆ’ ಎನ್ನುವುದಕ್ಕೂ ‘ನೀನು ಹಂದಿ ಥರ ಬದುಕ್ತೀಯ’ ಎನ್ನುವುದಕ್ಕೂ ಇಂಗ್ಲಿಷಿನಲ್ಲೂ ಗಾವುದ ದೂರವಿದೆ. ಹಂದಿಯ ಹೆಸರೆತ್ತಿದರೇ ಬೇಸರವಾಗುವ ಗೆಳೆಯರೂ ಇರುತ್ತಾರೆ, ಹಲವು ದೇಶದವರು ಸೇರಿರುವ ಹಾಸ್ಟೆಲ್‌ಗಳಲ್ಲಿ ಮೆಸ್ ಎಂಬುದೇ ಕ್ಷೇಮ.

*ಮಿಡನ್* ಎಂದರೆ ಅಕ್ಷರಶಃ ತಿಪ್ಪೆ, ಸಗಣಿ ಗುಡ್ಡೆ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಮಾತು, ಗ್ಲಾಸ್ಗೋದಲ್ಲಿ ಓದುವವರ ಕಿವಿಗೆ ಬಿದ್ದೀತು. ನೀವಾಗಿ ಬಳಸುವ ಅಗತ್ಯವಿಲ್ಲ, ಕೇಳಿದಾಗ ಅರ್ಥವಾದರೆ ಸಾಕು.

ಫ್ರಿಜ್ಜಿನ ಮೂಲೆಯಲ್ಲಿ ಬೂಸ್ಟು ಹಿಡಿದು ಬಣ್ಣ ತಿರುಗಿದ ತಂಗಳನ್ನು ಅಮೆರಿಕದವರು ‘ಸೈನ್ಸ್ ಎಕ್ಸ್‌ಪೆರಿಮೆಂಟ್’ ಎಂದು ಗೇಲಿ ಮಾಡುತ್ತಾರೆ. ನನಗೆ ತುಂಬ ಇಷ್ಟವಾದ ನುಡಿಗಟ್ಟು ಇದು, ನಗಿಸುತ್ತಲೇ ಕೆಲಸ ಹೇಳುತ್ತದೆ. ಮಂಚದಡಿ ಉಂಡೆಗಟ್ಟಿದ ದೂಳಿಗೆ ಅವರು ಇಟ್ಟ ಹೆಸರು *ಡಸ್ಟ್ ಬನ್ನಿ*, ದೂಳಿನ ಮೊಲದಮರಿ.

ಪತ್ರಿಕೆಯ ಇಂಗ್ಲಿಷಿನಲ್ಲಿ ಮಾತ್ರ ಸಿಗುವ ಎರಡು: ಒಂದು *ಆಜೀಯನ್ ಸ್ಟೇಬಲ್ಸ್*. ಗ್ರೀಕ್ ಪುರಾಣದ ಆಜಿಯಸ್ ರಾಜನ ಕೊಟ್ಟಿಗೆಯಲ್ಲಿ 3000 ದನಗಳು, 30 ವರ್ಷ ಬಾಚದ ಸಗಣಿ. ಹರ್ಕ್ಯುಲಿಸ್ ಎರಡು ನದಿಗಳನ್ನು ತಿರುಗಿಸಿ ಒಂದೇ ದಿನದಲ್ಲಿ ತೊಳೆದ. ಕೊಳೆತ ಆಡಳಿತವನ್ನು ಗುಡಿಸುವ ಮಾತು ಬಂದಾಗ ಸಂಪಾದಕೀಯಗಳಲ್ಲಿ ಈ ಕೊಟ್ಟಿಗೆ ಕಾಣಿಸುತ್ತದೆ. ಗೆಳೆಯನ ಬ್ಯಾಚುಲರ್ ರೂಮಿಗೆ ಇದನ್ನು ಬಳಸಿದರೆ ಮೇಷ್ಟ್ರ ಭಾಷಣದಂತಿರುತ್ತದೆ. ಇನ್ನೊಂದು *ಸೆಸ್‌ಪಿಟ್*, ಪಾಯಖಾನೆಯ ಗುಂಡಿ. ರೂಪಕವಾದಾಗ ಇದು ಹೆಚ್ಚಾಗಿ ನೈತಿಕ ಕೊಳಕು, ಭ್ರಷ್ಟಾಚಾರ. ನೆಲದ ಮೇಲಿನ ಕಸಕ್ಕೆ ಬೇಡ.

4. ಇಕ್ಕಟ್ಟು, ಗದ್ದಲ: ಇವು ಕೊಳಕಲ್ಲ

ಇಕ್ಕಟ್ಟಾದ ಮನೆಗೆ ನಾವು ‘ಕಿಷ್ಕಿಂಧೆ’ ಎನ್ನುತ್ತೇವೆ. ಇಂಗ್ಲಿಷರು ‘ಬೆಕ್ಕನ್ನು ಹಿಡಿದು ಬೀಸಲೂ ಜಾಗವಿಲ್ಲ’ ಎನ್ನುತ್ತಾರೆ: ‘ನೋ ರೂಮ್ ಟು ಸ್ವಿಂಗ್ ಎ ಕ್ಯಾಟ್’. 17ನೇ ಶತಮಾನದಿಂದಲೂ ಇದೆ. ಮನೆ ಲಕಲಕ ಹೊಳೆಯುತ್ತಿದ್ದರೂ ಈ ಮಾತು ನಡೆಯುತ್ತದೆ, ಇದು ಅಳತೆಯ ದೂರು ಅಷ್ಟೆ.

ವಯಸ್ಸಾದ ಬ್ರಿಟಿಷರ ಬಾಯಲ್ಲಿ ಕತ್ತಲು, ಸೆಖೆ, ನೂಕುನುಗ್ಗಲಿನ ಕೋಣೆಗೆ ‘ಬ್ಲ್ಯಾಕ್ ಹೋಲ್ ಆಫ್ ಕಲ್ಕಟ್ಟಾ’ ಎಂದು ಬರಬಹುದು. 1756ರ ಜೂನಿನಲ್ಲಿ ಬಂಗಾಳದ ನವಾಬ ಸಿರಾಜುದ್ದೌಲನ ಸೇನೆ ಕಲ್ಕತ್ತೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಫೋರ್ಟ್ ವಿಲಿಯಂ ಹಿಡಿದಾಗ ಸೆರೆಸಿಕ್ಕವರನ್ನು ಒಂದು ಕಿರುಕೋಣೆಯಲ್ಲಿ ರಾತ್ರಿಯಿಡೀ ಕೂಡಿಹಾಕಿದ ಪ್ರಸಂಗ ಅದು. 146 ಜನರಲ್ಲಿ 123 ಮಂದಿ ಸತ್ತರೆಂದು ಬದುಕುಳಿದ ಹಾಲ್‌ವೆಲ್ ಬರೆದ. ಆ ಲೆಕ್ಕ ಉಬ್ಬಿಸಿದ್ದು ಎಂದು ಮುಂದಿನ ಇತಿಹಾಸಕಾರರು ವಾದಿಸಿದ್ದಾರೆ. ಅಂದರೆ ಒಂದು ನುಡಿಗಟ್ಟಿನೊಳಗೆ ಕಂಪನಿ ಸರ್ಕಾರದ ಪ್ರಚಾರವೂ ಕೂತಿದೆ. ಹೇಳಿದವರು ಬೇಕೆಂದೇ ನಿಮ್ಮನ್ನು ಚುಚ್ಚಿದರೆಂದು ತಿಳಿಯಬೇಡಿ, ಎಷ್ಟೋ ಮಂದಿಗೆ ಅದರ ಹಿನ್ನೆಲೆಯೇ ಗೊತ್ತಿರುವುದಿಲ್ಲ. ನೀವು ಬಳಸುವುದಂತೂ ಬೇಡ.

ಗದ್ದಲಕ್ಕೆ *ಬೆಡ್ಲಂ*. ಲಂಡನ್ನಿನಲ್ಲಿ 1247ರಲ್ಲಿ ಸ್ಥಾಪನೆಯಾಗಿ ಮುಂದೆ ಮನೋರೋಗಿಗಳ ಆಸ್ಪತ್ರೆಯಾದ ಬೆಥ್ಲೆಮ್ ಸಂಸ್ಥೆಯ ಹೆಸರು ಜನರ ಬಾಯಲ್ಲಿ ಸವೆದು ಹೀಗಾಯಿತು. ಸಂತೆಯಂಥ ಗಲಾಟೆಗೆ ಒಪ್ಪುತ್ತದೆ. ಜನಜಂಗುಳಿಗೆ ‘ಇಟ್ಸ್ ಎ ಝೂ’ ಎನ್ನುವುದೂ ಇದೇ ಜಾತಿಯದು.

ಒಂದು ಮೆಚ್ಚುಗೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನೆಲದಿಂದ ಸೂರಿನ ತನಕ ಹಳೇ ಪುಸ್ತಕ, ಹಿತ್ತಾಳೆ ಸಾಮಾನು ತುಂಬಿರುವ ಅಂಗಡಿಗೆ ಬ್ರಿಟನ್ನಿನಲ್ಲಿ ‘ಅಲ್ಲಾದೀನ್ಸ್ ಕೇವ್’, ಅಲ್ಲಾದೀನನ ಗುಹೆ ಎನ್ನುತ್ತಾರೆ. ಮಾಲೀಕರಿಗೆ ಖುಷಿಯಾಗುತ್ತದೆ.

5. ಹೋಟೆಲು, ಲಾಡ್ಜು, ಟಾಕೀಸು

ಎಣ್ಣೆ ಜಿಡ್ಡಿನ ಅಗ್ಗದ ಹೋಟೆಲು *ಗ್ರೀಸಿ ಸ್ಪೂನ್*. ಇದರಲ್ಲಿ ಅಕ್ಕರೆಯೂ ಇದೆ, ಆದರೂ ಗಲ್ಲಾದ ಮೇಲೆ ಕೂತವರಿಗೆ ಕೇಳುವಂತೆ ಬೇಡ. ಚಿಗಟ ಕಚ್ಚುವ ಹಳೇ ಟಾಕೀಸು ಬ್ರಿಟನ್ನಿನಲ್ಲಿ *ಫ್ಲೀಪಿಟ್*. ನಮ್ಮಲ್ಲಾದರೆ ತಿಗಣೆಯ ಹೆಸರು ಹೇಳುತ್ತಿದ್ದೆವು. ಅಗ್ಗದ ಕೊಳಕು ಲಾಡ್ಜು ಅಮೆರಿಕದಲ್ಲಿ *ಫ್ಲೀಬ್ಯಾಗ್*. ಕಳಪೆ ಬಾರು *ಡೈವ್*.

*ಹೋಲ್ ಇನ್ ದಿ ವಾಲ್* ಬಗ್ಗೆ ಮಾತ್ರ ಹುಷಾರು. ಅಮೆರಿಕದಲ್ಲಿ ಇದು ಗೋಡೆಯ ಬಿಲದಂಥ ಪುಟ್ಟ ತಿಂಡಿ ಅಂಗಡಿ, ಬಹಳ ಸಲ ಹೊಗಳಿಕೆಯೇ. ನಮ್ಮ ದರ್ಶಿನಿಗಿಂತಲೂ ಚಿಕ್ಕದು, ರುಚಿ ಮಾತ್ರ ಅಮೋಘ ಎಂಬ ಹಾಗೆ. ಬ್ರಿಟನ್ನಿನಲ್ಲಿ ಅದೇ ಮಾತಿಗೆ ಎಟಿಎಂ ಎಂದರ್ಥ. ಊಟಕ್ಕೆ ದಾರಿ ಕೇಳಿ ಬ್ಯಾಂಕಿನ ಗೋಡೆ ಮುಂದೆ ನಿಂತೀರಿ.

6. ವಾಕ್ಯದಲ್ಲಿ ಕೂರಿಸುವಾಗ

ಕನ್ನಡಿಗರು ಹೆಚ್ಚು ಸಲ ತಪ್ಪುವುದು ‘ಎ’ ಬಿಟ್ಟುಬಿಡುವುದರಲ್ಲಿ. ‘ಮೈ ರೂಮ್ ಈಸ್ ಟಿಪ್’ ಅಲ್ಲ, ‘ಈಸ್ ಎ ಟಿಪ್’. ಶಾಂಬಲ್ಸ್‌ನ ಕೊನೆಯಲ್ಲಿ ‘ಸ್’ ಇದ್ದರೂ ಅದು ಏಕವಚನ: ‘ಇಟ್ ಈಸ್ ಎ ಶಾಂಬಲ್ಸ್’.

‘ವೆರಿ ಪಿಗ್‌ಸ್ಟೈ’ ಎಂದು ಹೇಳುವವರನ್ನೂ ಕೇಳಿದ್ದೇನೆ. ಇವೆಲ್ಲ ನಾಮಪದಗಳು, ವೆರಿ ಅಂಟುವುದಿಲ್ಲ. ಜೋರು ಮಾಡಲು ‘ಆನ್ ಅಬ್ಸಲ್ಯೂಟ್ ಟಿಪ್’, ‘ಎ ಕಂಪ್ಲೀಟ್ ಶಾಂಬಲ್ಸ್’. ತಗ್ಗಿಸಲು ‘ಎ ಬಿಟ್ ಆಫ್ ಎ ಟಿಪ್’. ಬ್ರಿಟಿಷರು ಈ ತಗ್ಗಿಸಿದ ರೂಪವನ್ನೇ ಹೆಚ್ಚು ಬಳಸುತ್ತಾರೆ, ಕೆಲವೊಮ್ಮೆ ಪರಿಸ್ಥಿತಿ ವಿಪರೀತಕ್ಕೆ ಹೋಗಿದ್ದರೂ.

ಮನುಷ್ಯರ ಮೇಲೆ ಬಂದಾಗ ಅರ್ಥ ಜಾರುತ್ತದೆ. ‘ಹೀ ಈಸ್ ಇನ್ ಎ ಮೆಸ್’ ಎಂದರೆ ತಾಪತ್ರಯದಲ್ಲಿದ್ದಾನೆ. ‘ಹೀ ಈಸ್ ಎ ಮೆಸ್’ ಎಂದರೆ ಆಳೇ ಕಂಗೆಟ್ಟಿದ್ದಾನೆ, ಇಲ್ಲವೇ ಅವತಾರ ಕೆಟ್ಟಿದೆ.

7. ಯಾರ ಮನೆ, ಯಾರ ಬಾಯಿ

ಇವೆಲ್ಲಕ್ಕಿಂತ ದೊಡ್ಡ ಹಳ್ಳ ಇಲ್ಲಿದೆ. ಈ ನುಡಿಗಟ್ಟುಗಳನ್ನು ಸ್ವಂತ ಮನೆಯ ಬಗ್ಗೆ ಧಾರಾಳವಾಗಿ ಹೇಳಿಕೊಳ್ಳಬಹುದು, ಇನ್ನೊಬ್ಬರ ಮನೆಯ ಬಗ್ಗೆ ಆಡಬಾರದು. ಮನೆಯೊಡತಿ ‘ಸಾರಿ, ಇಟ್ಸ್ ಎ ಟಿಪ್’ ಅಂದರೆ ಅದು ಉಪಚಾರ. ನಮ್ಮವರು ‘ಮನೆ ಸ್ವಲ್ಪ ಹರಡ್ಕೊಂಡಿದೆ, ಏನೂ ಅಂದ್ಕೋಬೇಡಿ’ ಅನ್ನುವುದಿಲ್ಲವೇ, ಹಾಗೆ. ಅದಕ್ಕೆ ‘ಹೌದು’ ಎಂದು ತಲೆಯಾಡಿಸಿದರೆ ಕೆಟ್ಟಿತು. ‘ನಾಟ್ ಅಟ್ ಆಲ್’ ಅನ್ನಿ, ಅಥವಾ ‘ಯೂ ಶುಡ್ ಸೀ ಮೈನ್’, ನನ್ನದನ್ನು ನೀವು ನೋಡಬೇಕು, ಎಂದು ನಗಿ.

ದೂರು ಬರೆಯುವಾಗ ಒಂದು ರೂಪಕವೂ ಬೇಡ. ಬಾಡಿಗೆ ಮನೆಯ ಮಾಲೀಕರಿಗೆ ‘ಬಚ್ಚಲು ಹಂದಿಗೂಡಾಗಿದೆ’ ಎಂದು ಬರೆದರೆ ಅದು ನಿಮ್ಮ ಕೋಪ ಮಾತ್ರ, ಗೂಡು ಮಾಡಿದ್ದು ನೀವೇ ಎಂದು ಅವರು ತಿರುಗಿ ಬೀಳಬಹುದು. ಯಾವ ಗೋಡೆಗೆ ಬೂಸ್ಟು, ಎಂದಿನಿಂದ, ಎಲ್ಲಿ ಇಲಿಯ ಹಿಕ್ಕೆ: ತಾರೀಖು, ಫೋಟೊ ಸಮೇತ ಬರೆಯಿರಿ. ಇಂಗ್ಲೆಂಡಿನಲ್ಲಾದರೆ ಮುಂದೆ ಸ್ಥಳೀಯ ಕೌನ್ಸಿಲ್ಲಿನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಹೋಗಬೇಕಾಗಿ ಬಂದರೂ ಈ ಪತ್ರವೇ ಕೆಲಸಕ್ಕೆ ಬರುತ್ತದೆ. ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಮಾತಿನ ಭಾಗದಲ್ಲಿ ಸಂದರ್ಭಕ್ಕೆ ತಕ್ಕ ಒಂದು ನುಡಿಗಟ್ಟು ಚೆನ್ನ, ಬರವಣಿಗೆಯ ಪ್ರಬಂಧದಲ್ಲಿ ಬೇಡ.

ಸ್ಲಮ್, ಘೆಟ್ಟೊ, ‘ಥರ್ಡ್ ವರ್ಲ್ಡ್ ಥರ’, ‘ಧಾರಾವಿ ಥರ’ ಇವನ್ನು ಪೂರ್ತಿ ಬಿಟ್ಟುಬಿಡಿ. ಅಲ್ಲಿ ಜನ ಬದುಕುತ್ತಿದ್ದಾರೆ, ನಿಮ್ಮ ಒಗೆಯದ ಕಾಲುಚೀಲಕ್ಕೆ ಅವರೇಕೆ ಹೋಲಿಕೆಯಾಗಬೇಕು?

8. ಕನ್ನಡಕ್ಕೆ ತರುವಾಗ

ಸಬ್‌ಟೈಟಲ್, ಕಥೆ ಅನುವಾದ ಮಾಡುವವರಿಗೆ ಒಂದೆರಡು ಮಾತು. ಪದ ತರಬೇಡಿ, ಬೈಗುಳದ ಖಾರ ಎಷ್ಟಿದೆ ಎಂದು ಅಳೆದು ತನ್ನಿ. ತಾಯಿಯ ಟಿಪ್‌ಗೆ ತಿಪ್ಪೆ ಸರಿ. ಬಾಂಬ್ ಸೈಟ್‌ಗೆ ‘ಕುರುಕ್ಷೇತ್ರ ಮಾಡಿಟ್ಟಿದ್ದಾರೆ’ ಚೆನ್ನಾಗಿ ಕೂರುತ್ತದೆ. ಪಿಗ್‌ಸ್ಟೈಯನ್ನು ‘ದನದ ಕೊಟ್ಟಿಗೆ’ ಮಾಡಬಹುದು, ನಮ್ಮ ಅಮ್ಮಂದಿರು ಹೇಳುವುದು ಹಾಗೇ. ಆದರೆ ಕೇರಿ, ಹಟ್ಟಿ ಎಂಬವನ್ನು ಕೊಳಕಿನ ಹೋಲಿಕೆಗೆ ಎಳೆಯಬೇಡಿ, ಅದು ಜಾತಿಯ ಹೀಯಾಳಿಕೆ.

ಉಲ್ಟಾ ದಿಕ್ಕಿನಲ್ಲೂ ಮೋಸ ಹೋಗಬಹುದು. ‘ಮನೆ ಗೋಡೌನ್ ಆಗಿದೆ’ ಎನ್ನುವ ನಮ್ಮ ಗೋಡೌನ್ ಲಂಡನ್ನಿನವರಿಗೆ ತಿಳಿಯದು, ಅಲ್ಲಿ ವೇರ್‌ಹೌಸ್. ‘ಇದೇನು ಮನೆಯೋ ಛತ್ರವೋ?’ ಎಂಬುದಕ್ಕೆ ಅವರ ತಂದೆತಾಯಿ ‘ದಿಸ್ ಈಸಂಟ್ ಎ ಹೋಟೆಲ್’ ಎನ್ನುತ್ತಾರೆ, ಎರಡೂ ಕಸದ ಮಾತಲ್ಲ, ಹೊತ್ತುಗೊತ್ತಿಲ್ಲದೆ ಬಂದುಹೋಗುವವರಿಗೆ. ಹಾಗೆಯೇ ಯಾರಾದರೂ ನಿಮಗೆ ‘ವರ್ ಯೂ ಬಾರ್ನ್ ಇನ್ ಎ ಬಾರ್ನ್?’, ಅಂದರೆ ‘ನೀನು ಹುಟ್ಟಿದ್ದು ಕೊಟ್ಟಿಗೆಯಲ್ಲಾ?’ ಎಂದು ಕೇಳಿದರೆ ಗಲೀಜು ಮಾಡಿದೆನೇನೋ ಎಂದು ಪೊರಕೆ ಹುಡುಕಬೇಡಿ. ಒಳಗೆ ಬರುವಾಗ ನೀವು ಬಾಗಿಲು ತೆರೆದೇ ಬಿಟ್ಟಿದ್ದೀರಿ. ಎದ್ದು ಹೋಗಿ ಹಾಕಿ.